ಮೂರನೇ ಗ್ಲಾಸಿನವರೆಗೆ ಕಾಯಬೇಕಂತೆ

"ಏನೋ ಇದು, ಒಲೆ ಆರಿಸಿದ ನೀರು ಇದ್ದಂಗಿದೆ!" ಮೊದಲ ಗುಟುಕಿಗೇ ಭಾವ ಗ್ಲಾಸು ಕೆಳಗಿಟ್ಟರು.

ನಾವು ಕೂತಿದ್ದು ಜರ್ಮನಿಯ ಬಾಂಬರ್ಗ್ ಊರಿನ ಹಳೇ ಪೇಟೆಯಲ್ಲಿ, ಶ್ಲೆಂಕರ್ಲಾ ಎಂಬ ಬಿಯರ್ ಮನೆಯ ಉದ್ದನೆಯ ಮರದ ಬೆಂಚಿನ ಮೇಲೆ. ಎದುರಿಗೆ ಕಪ್ಪುಗಂದು ಬಣ್ಣದ ಬಿಯರ್, ಮೇಲೆ ದಪ್ಪ ನೊರೆ. ಮೂಗಿನ ಹತ್ತಿರ ತಂದರೆ ಸಾಕು, ಸೌದೆ ಹೊಗೆಯ ವಾಸನೆ. ಇದಕ್ಕೆ ರೌಖ್‌ಬಿಯರ್ ಎನ್ನುತ್ತಾರೆ. ರೌಖ್ ಅಂದರೆ ಹೊಗೆ. ಭಾವನಿಗೆ ಮೊದಲೇ ಹೇಳಿರಲಿಲ್ಲ, ಅದು ನನ್ನ ತಪ್ಪು. ಹೇಳಿದ್ದರೆ ಬರುತ್ತಿರಲಿಲ್ಲ, ಅದೂ ನಿಜ.

ಈ ಹೊಗೆ ಬಿಯರಿಗೆ ಆಮೇಲೆ ಸೇರಿಸಿದ್ದಲ್ಲ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಮಾಲ್ಟ್. ಇಲ್ಲಿ ಅದನ್ನು ಒಣಗಿಸುವುದು ಬೀಚ್ ಮರದ ಸೌದೆಯ ಬೆಂಕಿಯ ಮೇಲೆ. ಹೊಗೆ ಕಾಳಿನೊಳಗೇ ಇಳಿಯುತ್ತದೆ. ಹಿಂದಿನ ಕಾಲದಲ್ಲಿ ಸೌದೆ ಉರಿಸಿ ಮಾಲ್ಟ್ ಒಣಗಿಸುತ್ತಿದ್ದ ಕಡೆಯೆಲ್ಲ ಬಿಯರಿಗೆ ಹೀಗೇ ಒಂಚೂರು ಹೊಗೆ ಹಿಡಿಯುತ್ತಿತ್ತು. ಹೊಗೆ ತಾಗದಂತೆ ಬರೀ ಬಿಸಿಗಾಳಿಯಲ್ಲಿ ಒಣಗಿಸುವ ಗೂಡುಗಳು ಬಂದ ಮೇಲೆ ಬಹುತೇಕರು ಅದನ್ನು ಬಿಟ್ಟರು. ಬಾಂಬರ್ಗ್‌ನ ಶ್ಲೆಂಕರ್ಲಾ ಮತ್ತು ಶ್ಪೆಟ್ಸಿಯಾಲ್ ಬಿಯರ್ ಮನೆಗಳು ಬಿಡಲಿಲ್ಲ. ಇವತ್ತಿಗೂ ತಮ್ಮ ಮಾಲ್ಟಿಗೆ ತಾವೇ ಹೊಗೆ ಕೊಡುತ್ತಾರೆ.

"ಮೂರನೇ ಗ್ಲಾಸಿಗೆ ಇಷ್ಟ ಆಗುತ್ತಂತೆ ಭಾವ" ಎಂದೆ. ಅದು ಊರವರೇ ಹೇಳುವ ಮಾತು.

"ಮೂರಾದ ಮೇಲೆ ಯಾವುದು ತಾನೇ ಇಷ್ಟ ಆಗಲ್ಲ?"

ಸರಿ, ಆ ವಾದಕ್ಕೆ ಉತ್ತರವಿಲ್ಲ. ಅವರ ಗ್ಲಾಸನ್ನೂ ನಾನೇ ಮುಗಿಸಿದೆ.

ನಾನು ಹೋಗಿದ್ದು ಒಂದು ನೋಟ್‌ಬುಕ್ ಹಿಡಿದುಕೊಂಡು. ಬಣ್ಣ, ಪರಿಮಳ, ಕಹಿ, ಬಾಯಲ್ಲಿ ಉಳಿಯುವ ರುಚಿ ಅಂತ ಗೆರೆ ಎಳೆದು ಇಟ್ಟುಕೊಂಡಿದ್ದೆ. ಪುಟ್ಟ ಪುಟ್ಟ ಗ್ಲಾಸುಗಳಲ್ಲಿ ಐದಾರು ಬಗೆ ಸಾಲಾಗಿ ಬರುತ್ತವೆ, ಒಂದೊಂದು ಗುಟುಕು ಕುಡಿದು ಬರೆದುಕೊಳ್ಳೋಣ ಅಂತ ಲೆಕ್ಕ. ಇಲ್ಲಿ ಹಾಗಲ್ಲ. ಒಂದೊಂದು ಬಿಯರ್ ಮನೆಯಲ್ಲಿ ಒಂದೋ ಎರಡೋ ಬಗೆ, ಅಳತೆ ಅರ್ಧ ಲೀಟರ್. ಅದಕ್ಕೆ ಸೈಡ್ಲಾ ಅಂತ ಹೆಸರು. ಸಣ್ಣ ಬ್ರೂವರಿಗಳ ವಿಶೇಷ ಬಿಯರಿಗೆ ಈಗ ಹೇಳುವ ಕ್ರಾಫ್ಟ್ ಬಿಯರ್ ಎಂಬ ಮಾತನ್ನೂ ಯಾರೂ ಆಡಲಿಲ್ಲ. ಬಿಯರ್, ಅಷ್ಟೇ. ಬಾಂಬರ್ಗ್‌ನಲ್ಲಿ 1489ರಲ್ಲೇ ಬಿಯರಿಗೆ ಮಾಲ್ಟ್, ಕಹಿ ಕೊಡುವ ಹಾಪ್ಸ್ ಹೂವು, ನೀರು ಬಿಟ್ಟು ಬೇರೇನೂ ಹಾಕಬಾರದು ಎಂದು ಆಜ್ಞೆ ಆಗಿತ್ತು. ಬವೇರಿಯಾದ ಹೆಸರಾಂತ 1516ರ ಇಂಥದ್ದೇ ಕಾಯ್ದೆಗಿಂತ ಮೊದಲೇ. ಸಕ್ಕರೆಯನ್ನು ಮದ್ಯ ಮಾಡುವ ಯೀಸ್ಟ್ ಎರಡರಲ್ಲೂ ಇಲ್ಲ. ಅದು ಏನೆಂದು ಆಗ ಯಾರಿಗೂ ಗೊತ್ತಿರಲಿಲ್ಲ ಅಲ್ವಾ.

ಎರಡನೇ ದಿನ ಭಾವನಿಗೆ ಸಮಾಧಾನವಾಗಲಿ ಅಂತ ಮಾರ್ಸ್ ಬ್ರಾಯ್ ಎಂಬ ಇನ್ನೊಂದು ಬಿಯರ್ ಮನೆಗೆ ಹೋದೆವು. ಅಲ್ಲಿ ಬಿಯರ್ ಕೇಳುವುದಕ್ಕೆ "ಆ ಊ" ಎಂದರೆ ಸಾಕು. "ಒಂದು ಊ" ಎಂದರ್ಥ. ಊ ಅಂದರೆ ಉಂಗೆಶ್ಪುಂಡೆಟ್. ಹಣ್ಣಾಗುವಾಗ ಪೀಪಾಯಿಯ ಬಿರಡೆ ಬಿಗಿಯದೆ ಬಿಟ್ಟ ಬಿಯರ್. ಗ್ಯಾಸ್ ಹೊರಗೆ ಹೋಗುವುದರಿಂದ ಗಂಟಲು ಚುರುಗುಟ್ಟುವುದಿಲ್ಲ, ಮೆತ್ತಗೆ ಇಳಿಯುತ್ತದೆ. ಸೋಸದೆ ಕೊಡುವುದರಿಂದ ಕೊಂಚ ಮಸುಕು. ಭಾವ ಮೂರು ಸಲ "ಆ ಊ" ಎಂದರು. ಮೂರನೆಯ ಸಲ ಸ್ವಲ್ಪ ಜೋರಾಗಿಯೇ.

ಆದರೆ ನಾನು ಕಾದಿದ್ದು ಮೂರನೇ ದಿನಕ್ಕೆ. ಬಾಂಬರ್ಗ್‌ನ ಪೂರ್ವಕ್ಕೆ ಗುಡ್ಡಗಳ ನಡುವೆ ಔಫ್‌ಸೆಸ್ ಎಂಬ ಗ್ರಾಮ ಇದೆ. ಸುತ್ತಲ ಹಳ್ಳಿಗಳೂ ಸೇರಿ ಸಾವಿರದ ಚಿಲ್ಲರೆ ಜನ. ಬ್ರೂವರಿ ನಾಲ್ಕು! ತಲೆಲೆಕ್ಕದಲ್ಲಿ ಜಗತ್ತಿನಲ್ಲೇ ಹೆಚ್ಚು ಎಂದು ಗಿನ್ನೆಸ್ ದಾಖಲೆಯೂ ಆಗಿದೆ. ನಾಲ್ಕನ್ನೂ ಸುತ್ತುವ ಕಾಲುದಾರಿ ಸುಮಾರು 14 ಕಿಲೋಮೀಟರ್. ಹೊಲ, ಬೀಚ್ ಕಾಡು, ಮತ್ತೆ ಹೊಲ. ಗಂಟಲು ಒಣಗಿತು ಅನ್ನುವಷ್ಟರಲ್ಲಿ ಒಂದು ಬ್ರೂವರಿ. ದಾರಿ ಹಾಕಿದವರಿಗೆ ಒಳ್ಳೆಯದಾಗಲಿ.

ಒಂದು ಕಡೆ, ನಾವು ಬಾಗಿಲಲ್ಲಿ ಇಣುಕುತ್ತಿದ್ದುದನ್ನು ನೋಡಿ ಒಳಗೆ ಕರೆದರು. ಯಜಮಾನರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ನಮ್ಮ ಜರ್ಮನ್ ಅದಕ್ಕಿಂತ ಕಡೆ. ಆದರೂ ಕೈಸನ್ನೆಯಲ್ಲಿ ಎಲ್ಲ ತಿಳಿಯಿತು. ಪುಡಿ ಮಾಡಿದ ಮಾಲ್ಟನ್ನು ಬಿಸಿನೀರಿಗೆ ಹಾಕಿ ಕಲಕುತ್ತಾರೆ. 62ರಿಂದ 72 ಡಿಗ್ರಿ ಆಸುಪಾಸಿನಲ್ಲಿ ಅದರ ಪಿಷ್ಟ ಸಕ್ಕರೆಯಾಗುತ್ತದೆ. ನನಗೆ ಒಂದು ಲೋಟ ಆ ಸಿಹಿ ರಸ ಕೊಟ್ಟರು. ಬಿಸಿ ಬಿಸಿ, ಅಂಟು ಅಂಟು, ಬಿಸ್ಕತ್ತು ಅದ್ದಿದ ಹಾಗೆ. ಅದನ್ನು ಹಾಪ್ಸ್ ಜೊತೆ ಕುದಿಸಿ, ತಣ್ಣಗೆ ಮಾಡಿ, ಯೀಸ್ಟ್ ಬಿಡುವುದು. ಲಾಗರ್ ಎಂಬ ಬಗೆಯ ಬಿಯರಿನ ಯೀಸ್ಟಿಗೆ ಚಳಿಯೇ ಬೇಕು, 10 ಡಿಗ್ರಿ ಹತ್ತಿರ ನಿಧಾನಕ್ಕೆ ಕೆಲಸ ಮಾಡುತ್ತದೆ. ಆಮೇಲೆ ಇನ್ನೂ ತಣ್ಣನೆಯ ನೆಲಮಾಳಿಗೆಯಲ್ಲಿ ವಾರಗಟ್ಟಲೆ ಸುಮ್ನೆ ಇಡುವುದು. "ಕಾಯೋದು, ಕಾಯೋದು" ಎನ್ನುವಂತೆ ಯಜಮಾನರು ಎರಡೂ ಕೈ ಕೆನ್ನೆಗಿಟ್ಟು ಮಲಗಿದ ಸನ್ನೆ ಮಾಡಿದರು.

ಹೆಕನ್‌ಹೋಫ್ ಹಳ್ಳಿಯ ಕಾಟಿ ಬ್ರಾಯ್ ಬ್ರೂವರಿಗೆ ಬಂದಾಗ ಅಂಗಳದ ತುಂಬ ಬೈಕುಗಳು. ಬೈಕ್ ಸವಾರರಿಗೆ ಇದು ಅಚ್ಚುಮೆಚ್ಚಿನ ಜಾಗ. ಇಲ್ಲಿ ಕುಡಿದಿದ್ದು ಗಾಢ ಕಂದು ಲಾಗರ್. ಸುಟ್ಟ ಬ್ರೆಡ್ಡಿನ ಅಂಚಿನ ರುಚಿ, ಕೊನೆಗೆ ಒಂದೆಳೆ ಕಹಿ. ನೋಟ್‌ಬುಕ್ ತೆಗೆದೆ. "ಚೆನ್ನಾಗಿದೆ" ಎಂದು ಬರೆದು ಮುಚ್ಚಿದೆ. ಹಿಂದಿನ ಎರಡು ಪುಟದಲ್ಲೂ ಅದನ್ನೇ ಬರೆದಿದ್ದೆ. ನಾಲ್ಕು ಊರಿನ ನಾಲ್ಕು ಬಿಯರ್ ಒಂದರ ಪಕ್ಕ ಒಂದು ಇಟ್ಟು ಕುಡಿದಿದ್ದರೆ ವ್ಯತ್ಯಾಸ ಹೇಳುತ್ತಿದ್ದೆನೋ ಏನೋ. ನಡುವೆ ಒಂದೊಂದು ಗಂಟೆ ನಡೆದು ಬಂದವನಿಗೆ ಎದುರಿಗಿರುವುದೇ ಒಳ್ಳೆಯದು.

ವಾಪಸ್ ಬಸ್ಸು ತಪ್ಪಿತು. ವೇಳಾಪಟ್ಟಿಯಲ್ಲಿ ವಾರದ ದಿನದ ಸಾಲು ನೋಡಿದ್ದೆ, ನಾವು ಹೋಗಿದ್ದು ಶನಿವಾರ. ಟ್ಯಾಕ್ಸಿ ಬರಲು ಮುಕ್ಕಾಲು ಗಂಟೆ. ಭಾವ ಏನೂ ಅನ್ನಲಿಲ್ಲ. ಬಿಲ್ಲು ಮಾತ್ರ ನನ್ನ ಕಡೆ ತಳ್ಳಿದರು.

ಕೊನೆಯ ಸಂಜೆ ಬಾಂಬರ್ಗ್‌ನ ಒಬೆರೆ ಕ್ಯೋನಿಗ್ ರಸ್ತೆಗೆ ಹೋದೆವು. ರಸ್ತೆಯ ಈಚೆ 1649ರ ಫೆಸ್ಲಾ, ಪೀಪಾಯಿ ಉರುಳಿಸುವ ಕುಳ್ಳನ ಗುರುತಿನದು. ಆಚೆ 1536ರ ಶ್ಪೆಟ್ಸಿಯಾಲ್. ಭಾವ ಫೆಸ್ಲಾ ಕಡೆ ತಿರುಗಿದರು. ಅಲ್ಲಿ ಕೂರಲು ಜಾಗವಿರಲಿಲ್ಲ. ಹಾಗಾಗಿ ಮತ್ತೆ ಹೊಗೆಯ ಮನೆಗೇ ಬಂದೆವು.

ಇಲ್ಲಿ ಹೊಗೆ ಹಗುರ. ಬಣ್ಣವೂ ಅಷ್ಟು ಕಪ್ಪಲ್ಲ, ತಾಮ್ರದ ಹಾಗೆ. ಭಾವ ಮೂಸಿ ನೋಡಿ, ಒಂದು ಗುಟುಕು ಕುಡಿದು, ಕಿಟಕಿಯ ಆಚೆ ನೋಡುತ್ತ ಕೂತರು. ಬಡಿಸುವಾಕೆ ಗ್ಲಾಸು ಇಟ್ಟಾಗಲೆಲ್ಲ ಅಡಿಯ ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಒಂದು ಗೀಟು ಹಾಕುತ್ತಾಳೆ. ಲೆಕ್ಕ ಅಷ್ಟೇ. ನಾನು ಎದುರು ಮೇಜಿನವರ ಜೊತೆ ಮಾತಿಗೆ ಕೂತು ಈ ಕಡೆ ತಿರುಗಿದಾಗ ನನ್ನ ರಟ್ಟಿನ ಮೇಲೆ ಎರಡು ಗೀಟು, ಭಾವನದರ ಮೇಲೆ ಮೂರು.

"ನಾಳೆ ರೈಲು ಎಷ್ಟು ಹೊತ್ತಿಗೆ?" ಎಂದರು.

"ಮಧ್ಯಾಹ್ನ. ಯಾಕೆ ಭಾವ?"

"ಏನಿಲ್ಲ. ಮೊದಲ ದಿನ ಹೋಗಿದ್ವಲ್ಲ, ಆ ಜಾಗ ಬೆಳಗ್ಗೆ ತೆಗೆದಿರುತ್ತೇನೋ ಅಂತ."