ಬೀಗ ಹಾಕಿದ ಕೋಣೆಯ ತಿಗಣೆಗಳು

ತಿಗಣೆ ಇರುವ ಮನೆಯವರು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಇಲಿ ಇದೆ ಅಂತಾರೆ, ಜಿರಲೆ ಇದೆ ಅಂತಾರೆ, ಗೆದ್ದಲು ಹಿಡಿದ ಬಾಗಿಲನ್ನು ಕರೆದು ತೋರಿಸುತ್ತಾರೆ. ತಿಗಣೆ ಅಂದರೆ ಮಾತ್ರ "ನಮ್ಮನ್ಯಾಗ ಇಲ್ರೀ". ಕಲಬುರಗಿಯ ಶಹಾಬಜಾರದಲ್ಲಿ ನಾವು ಬಾಡಿಗೆಗೆ ಇರುವ ಹಳೇ ವಾಡೆಯಲ್ಲಿ ನಾಲ್ಕು ಸಂಸಾರ. ನಾಲ್ಕೂ ಮನೆಯವರು ರಾತ್ರಿ ಲೈಟ್ ಹಾಕಿ ಗಾದಿ ಮಗುಚಿ ನೋಡುತ್ತಿದ್ದೆವು. ಬೆಳಗ್ಗೆ ನಲ್ಲಿ ಹತ್ತಿರ ನಿಂತು ಈ ಸಲ ಸೊಳ್ಳೆ ಜಾಸ್ತಿ ಅಲ್ವಾ ಅಂತ ಮಾತಾಡುತ್ತಿದ್ದೆವು.

ಸೊಳ್ಳೆ ಸಾಲು ಹಿಡಿದು ಕಚ್ಚುವುದಿಲ್ಲ. ನನ್ನ ಮಗನ ಕೈಮೇಲೆ ಮೂರು ನಾಲ್ಕು ಕೆಂಪು ದದ್ದು ಒಂದೇ ಸಾಲಿನಲ್ಲಿದ್ದವು. ಗಾದಿಯ ಅಂಚಿನ ಹೊಲಿಗೆ ಬಿಡಿಸಿ ನೋಡಿದೆ. ಇಂಕು ಪೆನ್ನಿನ ತುದಿ ಒತ್ತಿದ ಹಾಗೆ ಕಪ್ಪು ಚುಕ್ಕೆಗಳು. ತಿಗಣೆ ಕುಡಿದು ಅರಗಿಸಿ ಬಿಟ್ಟ ನಮ್ಮದೇ ರಕ್ತ ಅದು. ರೋಗ ಹರಡುವ ಕೀಟ ಅಲ್ಲ ಅಂತ ಗೊತ್ತಿತ್ತು. ಆದರೆ ಮಗ ನಿದ್ದೆಗೆಟ್ಟು ಶಾಲೆಯಲ್ಲಿ ತೂಕಡಿಸುತ್ತಿದ್ದರೆ ಆ ಸಮಾಧಾನ ಯಾರಿಗೆ ಬೇಕು?

ಈ ವಾಡೆ ಒಂದೇ ದೊಡ್ಡ ಮನೆಯಾಗಿ ಕಟ್ಟಿದ್ದು. ದಪ್ಪ ಕಲ್ಲಿನ ಗೋಡೆ, ಮೇಲೆ ತೊಲೆ, ಜಂತಿ, ಕೆಳಗೆ ಶಹಾಬಾದ್ ಫರಸಿ. ಆಮೇಲೆ ನಡುನಡುವೆ ತೆಳು ಗೋಡೆ ಎತ್ತಿ ನಾಲ್ಕು ಮನೆ ಮಾಡಿದ್ದಾರೆ. ಹೊಸ ಗೋಡೆ ಹಳೇ ತೊಲೆಗೆ ಎಲ್ಲಿಯೂ ಸರಿಯಾಗಿ ಕೂಡಿಲ್ಲ. ಹಳೇ ಕಾಲದ ಕಟ್ಟಿಗೆ ಪಟ್ಟಿಯ ವೈರಿಂಗ್ ಈ ತುದಿಯಿಂದ ಆ ತುದಿಗೆ ಎಲ್ಲ ಗೋಡೆ ತೂರಿಕೊಂಡು ಹೋಗಿದೆ. ನಮ್ಮ ಮಂಚದಿಂದ ಪಕ್ಕದ ಮನೆಯ ಖಾಲಾ ಅವರ ಮಂಚಕ್ಕೆ ಹೋಗಬೇಕಾದರೆ ನಾನು ಅಂಗಳ ಸುತ್ತಬೇಕು. ತಿಗಣೆಗೆ ಒಂದು ಗೇಣು ದಾರಿ.

ವಿಷಯ ಹೊರಬಿದ್ದದ್ದು ಮೂಲೆ ಮನೆಯ ವೈನಿಯಿಂದ. ಅವರು ಅಂಗಡಿಯ ಸ್ಪ್ರೇ ತಂದು ಯಾರಿಗೂ ಹೇಳದೆ ಮನೆ ತುಂಬ ಹೊಡೆದರು. ಅವರ ಮನೆಯಲ್ಲಿ ಕಡಿಮೆ ಆಯಿತು, ನಮ್ಮಲ್ಲಿ ಎರಡರಷ್ಟಾಯಿತು. ಆ ಔಷಧಿಯ ಗಾಟಿಗೆ ಎಷ್ಟೋ ತಿಗಣೆ ಸಾಯುವುದಿಲ್ಲ, ಬರೀ ಜಾಗ ಬದಲಿಸುತ್ತವೆ. ಸ್ವಲ್ಪ ದಿನಕ್ಕೆ ಅವು ಅವರಲ್ಲಿಗೂ ತಿರುಗಿ ಬಂದವು. ಆಗ ವೈನಿ ನನ್ನನ್ನು ಮೆಟ್ಟಿಲ ಹತ್ತಿರ ಹಿಡಿದು, "ಅಕ್ಕಾರ, ಖರೆ ಹೇಳ್ರಿ, ನಿಮ್ಮನ್ಯಾಗೂ ತಗಣಿ ಅವ ಇಲ್ಲೋ?" ಅಂದರು. ನನಗೆ ನಿಜಕ್ಕೂ ಹಗುರಾಯಿತು.

ಅಂಗಳದಲ್ಲಿ ಎಲ್ಲರೂ ಕೂತೆವು. ಯಾರಿಂದ ಬಂತು ಅನ್ನುವುದೇ ಮೊದಲ ಮಾತು. ಶರಣಬಸವೇಶ್ವರ ಜಾತ್ರೆಗೆ ನಮ್ಮ ಮನೆಗೆ ನೆಂಟರು ಬಂದಿದ್ದರು, ಉರುಸಿಗೆ ಖಾಲಾ ಅವರ ಮನೆಗೆ ಬಂದಿದ್ದರು, ವೈನಿಯವರು ಹಳೇ ಮಂಚ ಕೊಂಡಿದ್ದರು. ಅದನ್ನು ಹುಡುಕುತ್ತಾ ಹೋದರೆ ನಾಲ್ಕು ಮನೆಯ ಜಗಳ ಆಗುತ್ತದೆಯೇ ಹೊರತು ಒಂದು ತಿಗಣೆಯೂ ಸಾಯುವುದಿಲ್ಲ.

ಕೆಳಗಿನ ಮನೆಯ ಕಾಕಾ ಗಂಜಿನಲ್ಲಿ, ಅಂದರೆ ಕಾಳಿನ ಪೇಟೆಯಲ್ಲಿ, ಅಡತ್ (ದಲ್ಲಾಳಿ) ಅಂಗಡಿಯ ಮುನೀಮರು. ಅವರದು ಸುಲಭದ ಉಪಾಯ. "ತೊಗರಿ ಚೀಲಕ್ಕ ಇಡೋ ಗುಳಿಗಿ ನಾಲ್ಕು ತರ್ತೀನಿ. ಮನ್ಯಾಗ ಇಟ್ಟು ಬಾಗಿಲಾ ಹಾಕ್ಕೊಂಡು ಊರಿಗಿ ಹೋಗೂಣು. ಬರೋದ್ರಾಗ ಎಲ್ಲಾ ಸಾಫ್."

ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು. ತೊಗರಿ ವ್ಯಾಪಾರದ ಊರಿನಲ್ಲಿ ಈ ಗುಳಿಗೆಯ ಮಾತು ಬಹಳ ಮನೆಗಳಲ್ಲಿ ಬರುತ್ತದೆ. ಅದು ಅಲ್ಯುಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೆ ಫಾಸ್ಫೀನ್ ಎಂಬ ವಿಷಾನಿಲ ಬಿಡುತ್ತದೆ. ಗೋದಾಮಿನಲ್ಲಿ ಚೀಲಗಳ ಮೇಲೆ ಗಾಳಿಯಾಡದ ಹಾಗೆ ತಾಡಪಾಲು ಹೊದಿಸಿ, ಅಂಚಿಗೆ ಮರಳು ಒತ್ತಿ ಇಡುತ್ತಾರೆ. ನಮ್ಮ ಗೋಡೆಯಲ್ಲಿ ತಿಗಣೆ ಹಾದುಹೋಗುವ ಬಿರುಕಿದೆ ಅಂದಮೇಲೆ ಅನಿಲ ಹೋಗುವುದಿಲ್ಲವೇ? ನಾವು ಊರಿಗೆ ಹೋದರೂ ಗೋಡೆಯ ಆಚೆ ಪಕ್ಕದ ಕಟ್ಟಡದಲ್ಲಿ ಬಾಣಂತಿ, ಕೂಸು ಮಲಗಿರುತ್ತಾರೆ. ಅದರ ವಿಷ ಏರಿದರೆ ಇಳಿಸುವ ಮದ್ದೇ ಇಲ್ಲ. ಅದನ್ನು ಸಾಮಾನ್ಯ ಜನರಿಗೆ ಮಾರುವಂತೆಯೂ ಇಲ್ಲ. ಮನೆಯಲ್ಲಿ ಇಟ್ಟು ಪಕ್ಕದ ಕೋಣೆಯವರು ಸತ್ತ ಸುದ್ದಿ ನಮ್ಮ ದೇಶದಲ್ಲಿ ಮತ್ತೆ ಮತ್ತೆ ಬರುತ್ತದೆ. ಇಷ್ಟನ್ನೂ ಹೇಳಿದೆ. ಕಾಕಾ ಮೊದಲು ಮುನಿಸಿಕೊಂಡರು. ಕೂಸಿನ ಮಾತು ಬಂದಮೇಲೆ ಸುಮ್ಮನಾದರು.

ಖಾಲಾ ಡಿಡಿಟಿ ಹೊಡೆಸಿ ಅಂದರು. ಅವರ ಸಣ್ಣಂದಿನಲ್ಲಿ ಮಲೇರಿಯಾದವರು ಬಂದು ಒಳಗೋಡೆಗೆಲ್ಲ ಹೊಡೆದು, ಬಾಗಿಲ ಪಕ್ಕ ತಾರೀಖು ಬರೆದು ಹೋಗುತ್ತಿದ್ದರಂತೆ. ದೇಶದಲ್ಲಿ ಆ ಮಲೇರಿಯಾ ಕಾರ್ಯಕ್ರಮ ಶುರುವಾದದ್ದು 1953ರಲ್ಲಿ. ಮೊದಮೊದಲು ಸೊಳ್ಳೆಯ ಜತೆ ತಿಗಣೆಯೂ ಸತ್ತವು. ಕೆಲವೇ ವರ್ಷಕ್ಕೆ ತಿಗಣೆ ಡಿಡಿಟಿಯನ್ನು ಅರಗಿಸಿಕೊಂಡವು. ಎಷ್ಟೋ ಕಡೆ ಜನ, ತಿಗಣೆಯೇ ಸಾಯದ ಔಷಧಿ ನಮಗೇಕೆ ಅಂತ ಹೊಡೆಯುವವರನ್ನು ವಾಪಸ್ ಕಳಿಸಿದರು. ಖಾಲಾಗೆ ನೆನಪಿದ್ದದ್ದು ಮೊದಲಿನ ವರ್ಷಗಳು ಮಾತ್ರ.

ಕೊನೆಗೆ ಖರ್ಚು ನಾಲ್ಕು ಪಾಲು ಮಾಡಿ, ಲೈಸೆನ್ಸ್ ಇರುವ ಪೆಸ್ಟ್ ಕಂಟ್ರೋಲ್‌ನವರನ್ನು ಒಂದು ಭಾನುವಾರಕ್ಕೆ ಕರೆದೆವು. ಏಪ್ರಿಲ್ ತಿಂಗಳು. ಬಂದವನು ಬೀದರ್ ಕಡೆಯ ಹುಡುಗ. ಪಂಪು ಮೂಲೆಗಿಟ್ಟು ಮೊದಲು ತೆಗೆದದ್ದು ಟಾರ್ಚು, ಸ್ಕ್ರೂಡ್ರೈವರ್, ಒಂದು ಹಳೇ ಎಟಿಎಂ ಕಾರ್ಡು. "ಔಷಧಿ ಹೊಡಿಯೋದು ಕಡೀಕ್ರಿ. ಮೊದ್ಲ ಎಲ್ಲಾ ಮಂಚ ಬಿಚ್ರಿ" ಅಂದ. ಬಿಚ್ಚಿದೆವು. ತಿಗಣೆ ಗಾದಿಯಲ್ಲಿ ಇದ್ದುದಕ್ಕಿಂತ ಮಂಚದ ಕೀಲಿನಲ್ಲಿ, ಸ್ಕ್ರೂ ತೂತಿನಲ್ಲಿ, ಗೋಡೆಯ ಗೂಡಿಗೆ ಹೊಡೆದ ಮೊಳೆಯ ಸುತ್ತ ಜಾಸ್ತಿ ಇದ್ದವು. ಕಾರ್ಡು ತೂರಿಸಿ ಎಳೆದರೆ ಬಿಳಿ ಮೊಟ್ಟೆಯ ಜತೆ ಉದುರುತ್ತಿದ್ದವು. ವೈರಿಂಗ್ ಪಟ್ಟಿಯ ಮುಚ್ಚಳ ತೆಗೆದಾಗ ವೈನಿ ಹೊರಗೆ ಓಡಿದರು.

ಹಾಸಿಗೆ ಬಟ್ಟೆ ನೋಡಿಕೊಳ್ಳುವುದು ನಮ್ಮ ಪಾಲಿನ ಕೆಲಸ. ಇಲ್ಲಿ ಕಲಬುರಗಿಯ ಬಿಸಿಲು ನಮ್ಮ ಕಡೆ. 50 ಡಿಗ್ರಿ ಶಾಖ ಒಳಗೆಲ್ಲ ಮುಟ್ಟಿದರೆ ತಿಗಣೆ, ಮೊಟ್ಟೆ ಎರಡೂ ಉಳಿಯುವುದಿಲ್ಲ. ನೆರಳಲ್ಲೇ 42 ಇರುವಾಗ ಮಾಳಿಗೆಯ ಫರಸಿ ಅದನ್ನು ಸುಲಭವಾಗಿ ದಾಟುತ್ತದೆ. ಆದರೆ ಕೌದಿಯನ್ನು ಸುಮ್ನೆ ಹರವಿದರೆ ತಿಗಣೆ ಕೆಳಗಿನ ನೆರಳಿಗೆ ಸರಿದುಕೊಳ್ಳುತ್ತದೆ. ಅದಕ್ಕೇ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಬಟ್ಟೆ ತೆಳ್ಳಗೆ ತುಂಬಿ, ಬಾಯಿ ಕಟ್ಟಿ, ಮಧ್ಯಾಹ್ನ ಪೂರ್ತಿ ತಿರುವಿ ಹಾಕುತ್ತಾ ಇದ್ದೆವು. ಚೀಲ ಗಿಡಿದು ತುಂಬಿದರೆ ನಡುವಿಗೆ ಶಾಖ ಹೋಗುವುದೇ ಇಲ್ಲ.

ಕೆಳಗೆ ಹುಡುಗ ಒಂದು ಬಾಗಿಲ ಮುಂದೆ ನಿಂತಿದ್ದ. "ಈ ಖೋಲಿ ಯಾರದ್ರಿ?"

ಮಾಲೀಕರದು. ಅವರು ಹೈದರಾಬಾದಿನಲ್ಲಿರುತ್ತಾರೆ. ಹಳೇ ಸಾಮಾನು ತುಂಬಿ ಬೀಗ ಹಾಕಿ ವರ್ಷಗಳಾಗಿವೆ. ಅದನ್ನು ಬಿಟ್ಟು ಹೊಡೆದರೆ ಹೊಡೆದದ್ದೆಲ್ಲ ನೀರಿಗೆ ಅಂತ ಹುಡುಗ ಹಟ ಹಿಡಿದ. ತಿಗಣೆ ರಕ್ತವಿಲ್ಲದೆಯೂ ತಿಂಗಳುಗಟ್ಟಲೆ ಬದುಕುತ್ತದೆ. ಇಲ್ಲಂತೂ ಅವು ಉಪವಾಸ ಇರುವ ಅಗತ್ಯವೂ ಇರಲಿಲ್ಲ. ಗೋಡೆಯ ಈಚೆ ನಾವು, ಆಚೆ ಖಾಲಾ. ಮಾಲೀಕರಿಗೆ ಫೋನ್ ಮಾಡಿದರೆ, "ಅಲ್ಲೇನಿಲ್ರೀ, ಬರೀ ಹಳೇ ಸಾಮಾನ" ಅಂದರು. ಕಾಕಾ ಫೋನ್ ಕಸಿದುಕೊಂಡು ಅಡತ್ ಅಂಗಡಿಯ ಗಂಟಲಲ್ಲಿ ಮಾತಾಡಿದ ಮೇಲೆ, ಊರಲ್ಲೇ ಇದ್ದ ಅವರ ಸಂಬಂಧಿಕರಿಂದ ಕೀಲಿ ಬಂತು.

ಒಳಗೆ ಒಂದರ ಮೇಲೊಂದು ಹತ್ತಿ ಗಾದಿ, ಒಂದು ದೊಡ್ಡ ಸಾಗವಾನಿ ಪಲಂಗ. ಪಲಂಗದ ತಲೆಹಲಗೆಯ ಕೆತ್ತನೆಯ ಸಂದು ಸಂದೂ ಕಪ್ಪಾಗಿತ್ತು. ಗಾದಿಗಳನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಹೊರಗೆ ಒಯ್ದು, ಬೇರೆ ಯಾರೂ ಎತ್ತಿಕೊಂಡು ಹೋಗದಂತೆ ಹರಿದು ಹಾಕಿದೆವು. ಪಲಂಗವನ್ನು ಬಿಚ್ಚಿ ಮಾಳಿಗೆಗೆ ಏರಿಸಿದೆವು. ಆಮೇಲೆ ಹುಡುಗ ಐದೂ ಬಾಗಿಲೊಳಗೆ ಬಿರುಕು ಬಿರುಕಿಗೆ ಔಷಧಿ ಹೊಡೆದ. ಮೊಟ್ಟೆ ಔಷಧಿಗೆ ಜಗ್ಗುವುದಿಲ್ಲ, ಒಂದು ವಾರ ಹತ್ತು ದಿನಕ್ಕೆ ಒಡೆಯುತ್ತವೆ. ಅದಕ್ಕೆ ಎರಡು ವಾರ ಬಿಟ್ಟು ಮತ್ತೆ ಬರುತ್ತೇನೆ ಅಂದ, ಬಂದ. ಅದಾದ ಮೇಲೆ ಬಿರುಕುಗಳಿಗೆ ನಾವೇ ವೈಟ್ ಸಿಮೆಂಟ್ ತುಂಬಿದೆವು. ಗಾದಿಗೆ ಬಿಳಿ ಹಾಸು ಹಾಕಿದ್ದೇನೆ, ಚುಕ್ಕೆ ಬಿದ್ದರೆ ಕಾಣಲಿ ಅಂತ. ಮಳೆಗಾಲ ಮುಗಿಯುತ್ತಾ ಬಂತು, ಇನ್ನೂ ಕಂಡಿಲ್ಲ.

ಖರ್ಚಿನಲ್ಲಿ ಮಾಲೀಕರು ಒಂದು ಪೈಸೆ ಕೊಡಲಿಲ್ಲ. ಆದರೆ ಪಲಂಗ ಮಾಳಿಗೆ ಮೇಲಿದೆ ಅಂತ ಯಾರೋ ಹೇಳಿದ್ದರಂತೆ. ಸಾಗವಾನಿ, ಬಿಸಿಲಿಗೆ ಸೀಳಿಬಿಡುತ್ತದೆ ಅಂತ ಕಾಕಾಗೆ ಫೋನ್ ಮಾಡಿ ಸಿಟ್ಟು ಮಾಡಿದರು.

"ಬರ್ರಿ ಸಾಹುಕಾರ್ರ," ಅಂದರು ಕಾಕಾ, "ಒಂದು ರಾತ್ರಿ ಅದರ ಮ್ಯಾಗ ಮಲ್ಕೊಂಡು ನೋಡ್ರಿ. ಆಮ್ಯಾಗ ಸೀಳೋದು ಮಾತಾಡೂಣು."