ಥೈರಾಯ್ಡ್ ಕಣ್ಣಿನ ಕಾಯಿಲೆ ಮಿದುಳಿಗೂ ಹೋಗುತ್ತಾ?

ಈ ಕಾಯಿಲೆ ನನಗೆ ಬಂದಾಗಿನಿಂದ, ಇದೇ ತೊಂದರೆ ಇರುವ ಎಷ್ಟೋ ಜನ ಒಂದೇ ಪ್ರಶ್ನೆ ಕೇಳುತ್ತಾರೆ. "ನಮ್ಮಂಥವರ ಮಿದುಳಿನ ಸ್ಕ್ಯಾನ್‌ನಲ್ಲಿ ಏನೋ ಬದಲಾವಣೆ ಕಂಡಿದೆಯಂತೆ. ಹಾಗಾದ್ರೆ ಇದು ಮಿದುಳಿಗೂ ಹರಡುತ್ತಾ?"

ಇಲ್ಲ, ಹರಡುವುದಿಲ್ಲ. ಆದರೆ ಸ್ಕ್ಯಾನ್‌ನಲ್ಲಿ ಬದಲಾವಣೆ ಕಂಡಿರುವುದು ಸುಳ್ಳಲ್ಲ.

ನಮ್ಮ ದೇಹದ ರಕ್ಷಣಾ ವ್ಯವಸ್ಥೆ ದಾರಿ ತಪ್ಪಿ ಥೈರಾಯ್ಡ್ ಮೇಲೆ ತಿರುಗಿಬೀಳುತ್ತದಲ್ಲ, ಅದೇ ಏಟು ಕಣ್ಣಿನ ಹಿಂದಿರುವ ಕೊಬ್ಬು ಮತ್ತು ಸ್ನಾಯುಗಳಿಗೂ ಬೀಳುತ್ತದೆ. ಅವು ಊದಿಕೊಳ್ಳುತ್ತವೆ. ಕಣ್ಣಿನ ಸುತ್ತ ಇರುವುದು ಮೂಳೆಯ ಗೂಡು, ಅದು ಹಿಗ್ಗುವುದಿಲ್ಲ, ಹಾಗಾಗಿ ಕಣ್ಣು ಮುಂದಕ್ಕೆ ಬರುತ್ತದೆ. ಸ್ನಾಯು ಬಿಗಿಯಾದರೆ ಎರಡೂ ಕಣ್ಣು ಒಟ್ಟಿಗೆ ತಿರುಗುವುದಿಲ್ಲ, ಎದುರಿಗಿರುವ ಒಂದೇ ವಸ್ತು ಎರಡಾಗಿ ಕಾಣುತ್ತದೆ.

ಆಸ್ಪತ್ರೆಯಲ್ಲಿ ನಮಗೆ ಮಾಡುವ ಎಂಆರ್‌ಐ ಮುಖ್ಯವಾಗಿ ಈ ಗೂಡನ್ನು ನೋಡುವುದಕ್ಕೆ. ಸ್ನಾಯು ಎಷ್ಟು ದಪ್ಪ ಆಗಿದೆ, ಉರಿಯೂತ ಇನ್ನೂ ಇದೆಯಾ, ನರ ಒತ್ತಿಕೊಂಡಿದೆಯಾ ಅಂತ. ಸಂಶೋಧಕರು ಮಾಡುವುದು ಬೇರೆ, ಅದನ್ನು ಫಂಕ್ಷನಲ್ ಎಂಆರ್‌ಐ ಅನ್ನುತ್ತಾರೆ. ನೀವು ಏನೂ ಮಾಡದೆ ಸುಮ್ನೆ ಮಲಗಿರುತ್ತೀರಿ. ಆಗ ಮಿದುಳಿನ ಯಾವ ಭಾಗದಲ್ಲಿ ರಕ್ತದ ಆಮ್ಲಜನಕ ಹೇಗೆ ಏರಿಳಿಯುತ್ತಿದೆ ಎಂದು ಯಂತ್ರ ಅಳೆಯುತ್ತದೆ. ಆ ಏರಿಳಿತದಿಂದ ಆ ಭಾಗ ಎಷ್ಟು ಚಟುವಟಿಕೆಯಿಂದ ಇದೆ ಎಂದು ಅಂದಾಜು ಮಾಡುತ್ತಾರೆ.

ಹೀಗೆ ನೋಡಿದಾಗ ನಮ್ಮಂಥವರಲ್ಲಿ ತಲೆಯ ಹಿಂಭಾಗದ ದೃಷ್ಟಿ ಕೇಂದ್ರದ ಚಟುವಟಿಕೆ ಬೇರೆಯವರಿಗಿಂತ ಭಿನ್ನವಾಗಿ ಕಂಡಿದೆ. ಗಮನ ಮತ್ತು ಭಾವನೆಗಳಿಗೆ ಸಂಬಂಧಿಸಿದ ಕೆಲವು ಭಾಗಗಳಲ್ಲೂ ವ್ಯತ್ಯಾಸ ಕಂಡಿದೆ. ಆದರೆ ಇವು ಹೆಚ್ಚಿನವು ಸಣ್ಣ ಗುಂಪುಗಳ ಮೇಲೆ, ಒಂದೇ ಸಲ ಸ್ಕ್ಯಾನ್ ಮಾಡಿ ನಡೆಸಿದ ಅಧ್ಯಯನಗಳು. ಯಾವುದು ಮೊದಲು ಬಂತು, ಯಾವುದು ಆಮೇಲೆ ಬಂತು ಅಂತ ಅವುಗಳಿಂದ ಹೇಳೋಕಾಗಲ್ಲ.

ನನಗೆ ಇದರಲ್ಲಿ ಹೆದರುವಂಥದ್ದು ಕಾಣುವುದಿಲ್ಲ. ಎರಡು ಕಣ್ಣು ಎರಡು ಹೊಂದಿಕೆಯಾಗದ ಚಿತ್ರ ಕಳಿಸುತ್ತಿದ್ದರೆ, ಒಂದನ್ನು ಬದಿಗೊತ್ತಿ ಇನ್ನೊಂದನ್ನು ಇಟ್ಟುಕೊಳ್ಳುವ ಕೆಲಸ ಮಿದುಳಿನ ಪಾಲಿಗೇ ಬರುತ್ತದೆ, ತಿಂಗಳುಗಟ್ಟಲೆ ಹಾಗೆ ಕೆಲಸ ಮಾಡಿದ ಭಾಗ ಸ್ಕ್ಯಾನ್‌ನಲ್ಲಿ ಬೇರೆ ಥರ ಕಂಡರೆ ಅದು ಸಹಜವೇ ಅಲ್ವಾ? ಜೊತೆಗೆ ಥೈರಾಯ್ಡ್ ಹಾರ್ಮೋನ್ ಜಾಸ್ತಿಯಾದರೆ ಅದು ಕೂಡ ಮಿದುಳಿನ ಮೇಲೆ ಪರಿಣಾಮ ಮಾಡುತ್ತದೆ. ಸ್ವೀಡನ್‌ನ ಸಂಶೋಧಕರು ಗ್ರೇವ್ಸ್ ಕಾಯಿಲೆ ಇರುವ, ಅಂದರೆ ರಕ್ಷಣಾ ವ್ಯವಸ್ಥೆ ದಾರಿ ತಪ್ಪಿ ಥೈರಾಯ್ಡ್ ಹಾರ್ಮೋನ್ ಜಾಸ್ತಿಯಾದ ಮಹಿಳೆಯರಲ್ಲಿ ಇದನ್ನು ನೋಡಿದ್ದಾರೆ. ಭಯ, ಭಾವನೆಗಳಿಗೆ ಸಂಬಂಧಿಸಿದ ಅಮಿಗ್ಡಲಾ ಎಂಬ ಭಾಗ ಕಾಯಿಲೆ ಜೋರಾಗಿದ್ದಾಗ ಚಿಕ್ಕದಾಗಿತ್ತು, ಚಿಕಿತ್ಸೆಯ ನಂತರ ಮತ್ತೆ ಬೆಳೆಯಿತು. ಈ ಸಂಗತಿ ಓದಿದ ದಿನ ನನಗೆ ಎಷ್ಟು ಸಮಾಧಾನ ಆಯಿತೆಂದರೆ, ಕೇಳಿದವರಿಗೆಲ್ಲ ಮೊದಲು ಇದನ್ನೇ ಹೇಳುತ್ತೇನೆ.

ಸುಸ್ತು, ಸಿಡುಕು, ಗಮನ ನಿಲ್ಲದಿರುವುದು, ಕನ್ನಡಿ ನೋಡಲು ಮನಸ್ಸಾಗದಿರುವುದು, ಇವೆಲ್ಲ ನಿಜವಾದ ತೊಂದರೆಗಳು. ವೈದ್ಯರಿಗೆ ಕಣ್ಣಿನ ವಿಷಯದ ಜೊತೆ ಇದನ್ನೂ ಹೇಳಿ. ಮನೆಯವರು "ಎಲ್ಲ ನಿನ್ನ ಕಲ್ಪನೆ" ಅಂದರೂ ಹೇಳಿ. ಬೀಡಿ, ಸಿಗರೇಟು ಸೇದುತ್ತಿದ್ದರೆ ಬಿಡಿ, ಈ ಕಾಯಿಲೆಯನ್ನು ಅದು ಬಹಳ ಕೆಡಿಸುತ್ತದೆ.

ಇನ್ನು ಮಿದುಳಿನ ಸ್ಕ್ಯಾನ್ ಬಗ್ಗೆ ಯೋಚಿಸುವ ಬದಲು ಆಗಾಗ ಹೀಗೆ ಮಾಡಿ. ಒಂದು ಕೆಂಪು ವಸ್ತುವನ್ನು ಎದುರಿಗಿಟ್ಟು, ಒಂದೊಂದೇ ಕಣ್ಣು ಮುಚ್ಚಿ ನೋಡಿ. ಒಂದು ಕಣ್ಣಿಗೆ ಆ ಕೆಂಪು ಮಾಸಿದಂತೆ ಕಂಡರೆ ಕಣ್ಣಿನ ನರ ಒತ್ತಿಕೊಳ್ಳುತ್ತಿರಬಹುದು. ಅಂಥ ಹೊತ್ತಿನಲ್ಲಿ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ಅವತ್ತೇ ಕಣ್ಣಿನ ವೈದ್ಯರ ಹತ್ತಿರ ಹೋಗಿ.