ಒಲೆ ಆರಿಸಿದ ಮೇಲಿನ ಕೆಲಸ

ಮೊದಲ ಸಲ ಮನೆಯಲ್ಲಿ ಬಿಯರ್ ಮಾಡುವ ದಿನ ಗಮನವೆಲ್ಲ ಒಲೆಯ ಮೇಲಿರುತ್ತದೆ. ಬಿಯರ್ ಕೆಡುವುದು ಹೆಚ್ಚಾಗಿ ಒಲೆ ಆರಿಸಿದ ಮೇಲೆ.

ಒಲೆಯ ಕೆಲಸ ಸುಲಭ. ಐದು ಲೀಟರ್ ಬಿಯರಿಗೆ 10 ಲೀಟರಿನ ಪಾತ್ರೆ, ಆರೂವರೆ ಲೀಟರ್ ನೀರು. ಗಂಟೆಯ ಕುದಿತದಲ್ಲಿ ಒಂದೂವರೆ ಲೀಟರಿನಷ್ಟು ಆವಿಯಾಗುತ್ತದೆ. ನೀರು ಬಿಸಿಯಾದ ಮೇಲೆ ಉರಿ ಆರಿಸಿ 600 ಗ್ರಾಂ ಮಾಲ್ಟ್ ಎಕ್ಸ್‌ಟ್ರಾಕ್ಟ್ ಪುಡಿ (ಮೊಳಕೆ ಬರಿಸಿದ ಬಾರ್ಲಿಯ ಸಿಹಿ ಸತ್ವ) ಪೂರ್ತಿ ಕರಗಿಸಿ, ಇಲ್ಲವಾದರೆ ತಳ ಹಿಡಿಯುತ್ತದೆ. ಮತ್ತೆ ಕುದಿ ಬರುವಾಗ ಹಾಲಿನಂತೆ ಉಕ್ಕುತ್ತದೆ, ಅಲ್ಲಿಂದ ಕದಲಬೇಡಿ. ಕುದಿ ಹಿಡಿದಾಗ ಕಹಿಗೆ ಶೇ. 6 ಆಲ್ಫಾ ಆಮ್ಲದ (ಕಹಿ ಕೊಡುವ ಅಂಶ) ಹಾಪ್ಸ್ ಎಂಬ ಒಣ ಹೂವು 10 ಗ್ರಾಂ, ಕೊನೆಯ ಐದು ನಿಮಿಷ ಇರುವಾಗ ಪರಿಮಳಕ್ಕೆ ಇನ್ನೊಂದು 10 ಗ್ರಾಂ.

ಈಗ ಪಾತ್ರೆಯನ್ನು ಐಸ್ ನೀರಿನಲ್ಲಿಟ್ಟು 20 ಡಿಗ್ರಿಗೆ ಇಳಿಸಬೇಕು. ಇನ್ನು ಮುಂದೆ ವರ್ಟ್‌ಗೆ (ಹುದುಗುವ ಮೊದಲಿನ ಈ ಸಿಹಿ ದ್ರವಕ್ಕೆ) ತಾಗುವ ಸೌಟು, ಕೊಳವೆ, ಮುಚ್ಚಳ ಎಲ್ಲಕ್ಕೂ ಮೊದಲು ತೊಳೆತ, ಆಮೇಲೆ ಸ್ಯಾನಿಟೈಜರ್. ಕೊಳೆ ಉಳಿದಲ್ಲಿ ಸ್ಯಾನಿಟೈಜರ್ ಕೆಲಸ ಮಾಡದು. ಬ್ಲೀಚ್ ಬೇಡ, ಚೂರು ಉಳಿದರೂ ಬಿಯರಿಗೆ ಔಷಧಿಯ ವಾಸನೆ.

ಹುದುಗುವ ಡಬ್ಬಿಗೆ ಎತ್ತರದಿಂದ ಸುರಿದು ಗಾಳಿ ಸೇರಿಸಿ, 4 ಗ್ರಾಂ ಒಣ ಏಲ್ ಯೀಸ್ಟ್ ಉದುರಿಸಿ. ಗಾಳಿ ಬೇಕಾಗುವುದು ಇದೊಂದೇ ಹೊತ್ತಿನಲ್ಲಿ. ಹುದುಗಿದ ಮೇಲೆ ಸೇರಿದರೆ ಒದ್ದೆ ರಟ್ಟಿನ ರುಚಿ ಬರುತ್ತದೆ. 18ರಿಂದ 20 ಡಿಗ್ರಿ ಕಾಯ್ದುಕೊಳ್ಳಿ. ಹುದುಗುವಿಕೆಯೇ ಶಾಖ ಹುಟ್ಟಿಸುವುದರಿಂದ ಡಬ್ಬಿಯ ಒಳಗು ಕೋಣೆಗಿಂತ ಬಿಸಿ ಇರುತ್ತದೆ. ಮೊದಲ ಮೂರು ದಿನ ಡಬ್ಬಿಯನ್ನು ನೀರಿನ ಟಬ್ಬಿನಲ್ಲಿಟ್ಟು, ಐಸ್ ಕಟ್ಟಿದ ಬಾಟಲಿ ಬದಲಿಸುತ್ತಿದ್ದರೆ ಸಾಕು. ಬಿಸಿ ಹೆಚ್ಚಾದರೆ ಸ್ಪಿರಿಟ್ಟಿನಂಥ ಘಾಟು ಬರುತ್ತದೆ, ಎಷ್ಟು ಕಾದರೂ ಅದು ಪೂರ್ತಿ ಹೋಗದು.

ಏರ್‌ಲಾಕ್‌ನಲ್ಲಿ (ಒಳಗಿನ ಅನಿಲ ಹೊರಬಿಟ್ಟು ಹೊರಗಿನ ಗಾಳಿ ತಡೆಯುವ ಸಾಧನ) ಗುಳ್ಳೆ ನಿಂತಿತೆಂದು ಬಾಟಲಿಗೆ ತುಂಬಬೇಡಿ. ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ 1.044ರಿಂದ 1.011ರ ಆಸುಪಾಸಿಗೆ ಇಳಿದು, ಮೂರು ದಿನ ಬಿಟ್ಟು ನೋಡಿದರೂ ಅಲ್ಲೇ ನಿಂತಿರಬೇಕು. ಆಗ ಮದ್ಯಾಂಶ ಶೇ. 4.3ರಷ್ಟು. ಬೆಣ್ಣೆಯ ವಾಸನೆ ಇದ್ದರೆ ಇನ್ನೆರಡು ಮೂರು ದಿನ ಯೀಸ್ಟಿನ ಮೇಲೆಯೇ ಬಿಡಿ, ಅದೇ ಅದನ್ನು ತಿಂದು ಮುಗಿಸುತ್ತದೆ.

ಬಾಟಲಿಗೆ ತುಂಬುವಾಗ ನೊರೆ ಬರಲೆಂದು 30 ಗ್ರಾಂ ಸಕ್ಕರೆಯನ್ನು ಸ್ವಲ್ಪ ನೀರಿನಲ್ಲಿ ಕುದಿಸಿ ಆರಿಸಿ, ಇಡೀ ಬಿಯರಿಗೆ ಮೆಲ್ಲಗೆ ಬೆರೆಸಿ. ಬಾಟಲಿಗೊಂದು ಚಮಚ ಎಂಬ ಲೆಕ್ಕದಲ್ಲಿ ಒಂದು ಸಪ್ಪೆ, ಇನ್ನೊಂದು ಸ್ಫೋಟ. ಒತ್ತಡ ತಡೆಯುವ ಕಂದು ಬಾಟಲಿಗಳೇ ಆಗಬೇಕು. ಬೆಳಕು ಬಿದ್ದರೆ ಹಾಪ್ಸ್ ಕೆಟ್ಟ ವಾಸನೆ ಬಿಡುತ್ತದೆ. ಬಾಯಿಯಿಂದ 3 ಸೆಂ.ಮೀ. ಖಾಲಿ ಬಿಟ್ಟು ಮುಚ್ಚಿ.

20 ಡಿಗ್ರಿಯಲ್ಲಿ ಎರಡು ವಾರ ಇಟ್ಟು, ಒಂದನ್ನು ತಣಿಸಿ ತೆರೆಯಿರಿ. ನೊರೆ ಸಾಲದಿದ್ದರೆ ಉಳಿದವು ಇನ್ನೊಂದು ವಾರ ಅಲ್ಲೇ ಇರಲಿ. ಬುಗ್ಗೆಯಂತೆ ಚಿಮ್ಮಿದರೆ ದಪ್ಪ ಕೈಗವಸು, ಕನ್ನಡಕ ಹಾಕಿಕೊಂಡು ಉಳಿದವನ್ನೆಲ್ಲ ಕೂಡಲೇ ಫ್ರಿಜ್ಜಿಗೆ ಸೇರಿಸಿ.